ಮನೆ ಅವ್ವನ ಹೆಸರಲ್ಲಿತ್ತು

ಗೋಡೆಯಾಚೆಯ ಖಾಲಾ,

ಬಾಯಿ ತುಂಬ ಚಿಕ್ಕಮ್ಮ ಎಂದು ಕರೆದರೂ ನಿಮಗೂ ನಮಗೂ ಇದ್ದ ಸಂಬಂಧ ಅದೊಂದೇ, ಗೋಡೆ. ಯಲ್ಲಾಪುರದ ಅಂಚಿನಲ್ಲಿರುವ ಈ ಆಶ್ರಯ ಕಾಲನಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತವು. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅದಕ್ಕೂ ನಮ್ಮ ಕಡೆ ಗಾರೆ ಹಚ್ಚಿರಲಿಲ್ಲ. ನೀವು ಮೆಣಸು ಹುರಿದರೆ ನಾವು ಕೆಮ್ಮುತ್ತಿದ್ದೆವು. ನಮ್ಮಲ್ಲಿ ಏನಾದರೂ ಬಿದ್ದರೆ, ಬಿದ್ದದ್ದು ಪಾತ್ರೆಯೋ ಅವ್ವನೋ ಎಂದು ನಿಮಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಅಲ್ಲವೇ? ಪಾತ್ರೆಯಾದರೆ ನೀವು ಸುಮ್ಮನಿರುತ್ತಿದ್ದಿರಿ. ಅವ್ವನಾದರೆ ನಿಮ್ಮ ಕಡೆಯಿಂದ ಲಟ್ಟಣಿಗೆಯಿಂದ ಗೋಡೆ ಬಡಿಯುವ ಸದ್ದು ಕೇಳುತ್ತಿತ್ತು. ಅಪ್ಪ ಒಂದು ಗಳಿಗೆ ನಿಲ್ಲಿಸುತ್ತಿದ್ದ. ಆಮೇಲೆ ಮತ್ತೆ...

ಮನೆ ಸಿಕ್ಕ ದಿನ ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಯವರೆಗೆ ನಾವು ಅಪ್ಪ ಕೆಲಸ ಮಾಡುತ್ತಿದ್ದ ಸಾಮಿಲ್ಲಿನ ಹಿಂದೆ ಒಂದು ಶೆಡ್ಡಿನಲ್ಲಿದ್ದೆವು. ನಾಲ್ಕೂ ಕಡೆ ಮರದ ಹಲಗೆ, ಮೇಲೆ ತಗಡು, ಅಡುಗೆಗೂ ನಿದ್ದೆಗೂ ಅಷ್ಟೇ ಜಾಗ. ಈ ಮನೆಗಳನ್ನು ಹೆಂಗಸರ ಹೆಸರಿಗೇ ಕೊಡುವುದು ಎಂದು ಆಫೀಸಿನವರು ಹೇಳಿದ್ದರಿಂದ ಅವ್ವನ ಹೆಸರು ಕೂಗಿದರು. ಅಷ್ಟು ಜನರ ನಡುವೆ ಅವ್ವನ ಹೆಸರನ್ನು ಯಾರಾದರೂ ಕೂಗಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಸೆರಗು ಹೊದ್ದುಕೊಂಡು ಹೋಗಿ ಕೀಲಿ ತೆಗೆದುಕೊಂಡಳು. ತಿರುಗಿ ಬಂದವಳೇ ಅದನ್ನು ಅಪ್ಪನ ಕೈಗೆ ಕೊಟ್ಟಳು. ಪಕ್ಕದಲ್ಲೇ ನಿಮ್ಮ ಕೀಲಿ ಹಿಡಿದುಕೊಂಡು ನಿಂತಿದ್ದ ನೀವು, "ಅರೆ, ಕೊಟ್ಟೇಬಿಟ್ಲಲ್ಲ!" ಎಂದಿರಿ. ಅವ್ವನಿಗೆ ನಿಮ್ಮ ಪರಿಚಯವಾದದ್ದೇ ಆ ಮಾತಿನಿಂದ.

ಸಂಜೆಯಾದರೆ ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅಪ್ಪ ಸಾಮಿಲ್ಲಿನಿಂದ ನೇರ ಬಂದರೆ ಒಂದು ನಡಿಗೆ, ಹೆಂಡದ ಅಂಗಡಿ ಹೊಕ್ಕು ಬಂದರೆ ಇನ್ನೊಂದು ನಡಿಗೆ. ಕಾಲನಿಯ ತಿರುವಿನಲ್ಲಿ ಜಲ್ಲಿಯ ಮೇಲೆ ಚಪ್ಪಲಿ ಎಳೆಯುವ ಸದ್ದು ಕೇಳಿದರೆ ನಾನೂ ಅಣ್ಣ ಮಂಜನೂ ಪುಸ್ತಕ ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದೆವು. ಕಾರಣಕ್ಕೆ ಬರವಿರಲಿಲ್ಲ. ಅನ್ನ ಮುದ್ದೆಯಾಗಿದೆ, ಅನ್ನ ಉದುರಾಗಿದೆ. ನೀನು ಯಾಕೆ ನಕ್ಕೆ, ನೀನು ಯಾಕೆ ನಗುವುದಿಲ್ಲ. ಹೊಡೆದು ದಣಿದ ಮೇಲೆ ನಮ್ಮ ಮೂವರನ್ನೂ ಹೊರಗೆ ನೂಕಿ ಅಗಳಿ ಹಾಕಿಕೊಳ್ಳುತ್ತಿದ್ದ. ನೀವು ಬಾಗಿಲು ತೆಗೆದು ತಲೆ ಹೊರಗೆ ಹಾಕಿ ಅವ್ವನಿಗೇ ಬೈಯುತ್ತಿದ್ದಿರಿ.

"ಮನೆ ನಿನ್ನ ಹೆಸರಲ್ಲಿದೆ, ಹೊರಗೆ ನೀನು ನಿಂತಿದ್ದೀ. ಏನು ಹೆಣ್ಣಮ್ಮಾ ನೀನು?"

"ಹೆಸರು ಇದ್ರೆ ಎಂತ ಆತು ಅಕ್ಕಾ," ಎನ್ನುತ್ತಿದ್ದಳು ಅವ್ವ, "ಬಾಗ್ಲು ಹಾಕೂದು ಅವ್ರೇ ಅಲ್ದಾ?"

ನಿಮ್ಮ ನಾಲಗೆ ಎಷ್ಟು ಖಾರ ಇತ್ತೆಂದು ಕಾಲನಿಯವರು ಈಗಲೂ ಹೇಳಿ ನಗುತ್ತಾರೆ. ಬೆಳಿಗ್ಗೆ ನಳದ ಹತ್ತಿರ ಕೊಡದ ಸಾಲಿಗಾಗಿ ನೀವೂ ಅವ್ವನೂ ಜಗಳವಾಡಿದ್ದನ್ನು ನಾನೇ ಎಷ್ಟು ಸಲ ನೋಡಿಲ್ಲ? ಸಂಜೆ ಅದೇ ಅವ್ವನನ್ನು ಒಳಗೆ ಕರೆದು ಕೂರಿಸಿ, ಅವಳ ಬಾತ ಹಣೆಗೆ ಬಟ್ಟೆ ಬಿಸಿ ಮಾಡಿ ಇಡುತ್ತಿದ್ದಿರಿ. ನನಗೆ ನಿಮ್ಮ ಮನೆಯ ರೊಟ್ಟಿ ಸಿಗುತ್ತಿದ್ದದ್ದು ಅಂಥ ದಿನಗಳಲ್ಲೇ. ಹೇಳಿದರೆ ನಿಮಗೆ ಬೇಸರವಾದೀತು. ಮನೆಯಲ್ಲಿ ಅಕ್ಕಿ ಮುಗಿದು ಬರೀ ತಿಳಿಗಂಜಿ ಕುಡಿದ ದಿನ, ಅಪ್ಪ ನಮ್ಮನ್ನು ಹೊರಗೆ ಹಾಕಿದರೆ ಒಳ್ಳೆಯದಿತ್ತು ಎಂದು ನಾನು ಅಂದುಕೊಂಡದ್ದೂ ಉಂಟು. ಹೊಡೆತಕ್ಕೆ ಹೆದರುವಷ್ಟೇ ನಿಮ್ಮ ರೊಟ್ಟಿಗೆ ಆಸೆಪಡುತ್ತಿದ್ದೆ. ಮಗುವಿನ ಹೊಟ್ಟೆಗೆ ಏನು ಗೊತ್ತಾಗುತ್ತದೆ ಹೇಳಿ?

ಮಂಜನ ಕೈ ಮುರಿದ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದವರು ನೀವು. ಅವ್ವನೂ ಬಂದಿದ್ದಳು. ಮರದಿಂದ ಬಿದ್ದ ಎಂದು ಅವ್ವ ಹೇಳಿದಳು. ಯಾವ ಮರ ಎಂದು ಯಾರೂ ಕೇಳಲಿಲ್ಲ. ನೀವು ಬಾಯಿ ತೆರೆದಿರಿ, ಅವ್ವ ಬೆಂಚಿನ ಕೆಳಗೆ ನಿಮ್ಮ ಕಾಲು ತುಳಿದಳು, ನೀವು ಬಾಯಿ ಮುಚ್ಚಿದಿರಿ. ಅದನ್ನು ನೋಡಿದ ಮಂಜ ಆಮೇಲೆ ನಿಮ್ಮಿಬ್ಬರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೀಸೆ ಚಿಗುರುವ ಹೊತ್ತಿಗೆ ನಿಮ್ಮ ಯಜಮಾನರ ಲಾರಿ ಹತ್ತಿ ಗೋವಾಕ್ಕೆ ಹೋದ. ಅವರು, "ಕೆಲಸ ಕೊಡಿಸಿ ಬಂದೆ, ಊಟಕ್ಕೆ ತೊಂದರೆ ಇಲ್ಲ," ಎಂದರು. ಅವ್ವ ಆವತ್ತು ಅಳಲಿಲ್ಲ. ಒಂದು ಬಟ್ಟಲು ಕಡಿಮೆ ಇಟ್ಟಳು, ಅಷ್ಟೇ. ಅವನು ಮತ್ತೆ ಈ ಹೊಸ್ತಿಲು ತುಳಿದಿಲ್ಲ ಖಾಲಾ, ಈಗಲೂ ತುಳಿದಿಲ್ಲ.

ಅವ್ವ ಒಂದು ಸಲವೂ ಮನೆ ಬಿಟ್ಟು ಹೊರಡಲಿಲ್ಲ ಎಂದು ನೀವು ಬೈಯುತ್ತಿದ್ದಿರಿ. ಅದು ಪೂರ್ತಿ ನಿಜವಲ್ಲ, ಅಲ್ಲವೇ? ಒಮ್ಮೆ ನನ್ನನ್ನು ಕರೆದುಕೊಂಡು ಮಂಚಿಕೇರಿಯ ಕಡೆ ತವರಿಗೆ ಹೋಗಿದ್ದಳು. ಅಪ್ಪ ಹುಡುಕಿಕೊಂಡು ಬಂದ. ಕುಡಿದಿರಲಿಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಸೋದರಮಾವನ ಕಾಲಿಗೆ ಬಿದ್ದು ಅತ್ತ. ಮಾವ, "ಗಂಡಸು ಅಳ್ತಾ ಅದಾನೆ, ಇನ್ನೆಂತ ಬೇಕೆ ನಿಂಗೆ?" ಎಂದು ಬಸ್ಸು ಹತ್ತಿಸಿದ. ಇನ್ನೊಮ್ಮೆ ಮಾಗೋಡಿನ ಕಡೆ ಒಂದು ಮನೆಯಲ್ಲಿ ಕೆಲಸಕ್ಕೆ ನಿಂತಳು. ಅಲ್ಲಿಗೂ ಬಂದ, ಅಂಗಳದಲ್ಲಿ ನಿಂತು ಆಡಬಾರದ ಮಾತಾಡಿದ. ಆ ಮನೆಯವರು ಒಳ್ಳೆಯವರೇ, ಆದರೆ ಅವರಿಗೂ ಬೆಳೆದ ಹೆಣ್ಣುಮಕ್ಕಳಿದ್ದರು. "ಬೇಜಾರು ಮಾಡ್ಕಬೇಡ," ಎಂದು ಕಳಿಸಿದರು. ಎರಡೂ ಸಲ ತಿರುಗಿ ಬಂದ ದಿನ ಏನಾಯಿತೆಂದು ನಿಮ್ಮ ಗೋಡೆಗೆ ಗೊತ್ತು. ಅದಾದ ಮೇಲೆ ಅವ್ವ ಸಂತೆಗೆ ಹೋಗುವಾಗಲೂ ಅಪ್ಪನಿಗೆ ಕಾಣುವ ದಾರಿಯಲ್ಲೇ ಹೋಗುತ್ತಿದ್ದಳು.

ನೀವು ಬಾಗಿಲು ತೆಗೆಯದ ಸಂಜೆಯ ಬಗ್ಗೆಯೂ ಬರೆಯಬೇಕು. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದರೆ ಅದು ಪತ್ರವಾಗುವುದಿಲ್ಲ. ಹಿಂದಿನ ವಾರವಷ್ಟೇ ಅಪ್ಪ ನಿಮ್ಮ ಮಗ ರಫೀಕನ ರಿಕ್ಷಾದ ಗಾಜು ಕಲ್ಲಿನಿಂದ ಒಡೆದಿದ್ದ. ಆ ಸಂಜೆ ಅವ್ವನ ಕಿವಿಯಿಂದ ರಕ್ತ ಬರುತ್ತಿತ್ತು. ನಾನು ನಿಮ್ಮ ಬಾಗಿಲು ಬಡಿದೆ. ಒಳಗೆ ರಫೀಕ, "ಅಮ್ಮೀ, ಬೇಡ. ಅವರದು ದಿನಾ ಇದೆ. ನಾಳೆ ರಿಕ್ಷಾಕ್ಕೇ ಬೆಂಕಿ ಇಡ್ತಾನೆ," ಎಂದ. ನೀವು, "ಬಿಡೋ, ಹುಡುಗಿ ಕರೀತಾ ಇದೆ," ಎಂದಿರಿ. ನಾನು ಬಾಗಿಲಿಗೆ ಕಿವಿ ಇಟ್ಟು ಕೇಳುತ್ತಿದ್ದೆ. ಆಮೇಲೆ ಏನೂ ಕೇಳಲಿಲ್ಲ. ನಿಮ್ಮ ಒಲೆಯ ಹೊಗೆ ಮಾತ್ರ ಬರುತ್ತಿತ್ತು. ನಾವು ಶಾಲೆಯ ಜಗಲಿಗೆ ಹೋಗಿ ಕೂತೆವು. ಮರುದಿನ ನಳದ ಹತ್ತಿರ ನೀವು ನಿಮ್ಮ ಕೊಡ ಸರಿಸಿ ಅವ್ವನ ಕೊಡ ಮುಂದೆ ಇಟ್ಟಿರಿ. ಅವ್ವ ನೀರು ಹಿಡಿದುಕೊಂಡಳು. ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ ಖಾಲಾ. ಈಗಲೂ ಸ್ವಲ್ಪ ಸಿಟ್ಟಿದೆ, ಸುಳ್ಳು ಯಾಕೆ ಹೇಳಲಿ? ಒಂದು ಗೋಡೆ ಎಷ್ಟು ಮನೆಯ ಭಾರ ಹೊರಬೇಕು ಎಂದೂ ಕೇಳಿಕೊಳ್ಳುತ್ತೇನೆ.

ನಾನು ಶಿರಸಿಗೆ ಹೊರಟ ಬೆಳಿಗ್ಗೆ ನೀವು ರಸ್ತೆಯವರೆಗೆ ಬಂದಿರಿ. ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ಇಬ್ಬರು ಹುಡುಗಿಯರ ಜೊತೆ ಒಂದು ರೂಮು. "ಹೋಗು ರೇಣೂ. ತಿರುಗಿ ನೋಡಬೇಡ, ನೋಡಿದ್ರೆ ಹೋಗ್ಲಿಕ್ಕೆ ಆಗೂದಿಲ್ಲ," ಎಂದಿರಿ. ನಾನು ನೋಡಲಿಲ್ಲ. ಶಿರಸಿಯಲ್ಲಿ ಮೊದಮೊದಲು ಸಂಜೆಯಾದರೆ ಸೀರೆ ಮಡಚುತ್ತಿದ್ದ ಕೈ ತಾನಾಗಿ ನಿಲ್ಲುತ್ತಿತ್ತು. ಆಮೇಲಾಮೇಲೆ ಸಂಜೆಯಾದದ್ದೇ ಗೊತ್ತಾಗದ ದಿನಗಳೂ ಬಂದವು. ಅಂಗಡಿ ಮುಚ್ಚಿ, ಹುಡುಗಿಯರ ಜೊತೆ ಪಾನಿಪುರಿ ತಿಂದು, ನಗುತ್ತಾ ರೂಮಿಗೆ ಹೋಗುವ ದಿನಗಳು. ಅಂಥದೇ ಒಂದು ದಿನ ಅವ್ವನ ಫೋನು ಬಂತು, ಜೈನಾಬಿಯಕ್ಕ ಹೋದರು ಎಂದು. ಉಸಿರಿನ ತೊಂದರೆ ಅಷ್ಟು ಜಾಸ್ತಿಯಾದದ್ದು ನನಗೆ ಗೊತ್ತೇ ಇರಲಿಲ್ಲ. ನಾನು ಬರುವಷ್ಟರಲ್ಲಿ ನಿಮ್ಮನ್ನು ಒಯ್ದಾಗಿತ್ತು. ನಿಮ್ಮ ಸೊಸೆ ಶಮೀಮ್ ನನ್ನನ್ನು ಅಪ್ಪಿಕೊಂಡು ಅತ್ತಳು. ಅವ್ವ ನಿಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

ಇನ್ನು ಮೇಲಿನದು ನಿಮಗೆ ಗೊತ್ತಿಲ್ಲದ್ದು.

ನೀವು ಹೋದ ಮರುವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಸಾಮಿಲ್ಲಿನ ದಿಮ್ಮಿಗಳ ನಡುವೆ ಬಿದ್ದಿದ್ದವನನ್ನು ರಫೀಕನೇ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಹೌದು, ರಫೀಕನೇ. ಬಲಗೈ, ಬಲಗಾಲು ಹೋದವು. ಮಾತು ಬರುತ್ತದೆ, ತೊದಲುತ್ತದೆ. ಅವ್ವ ಎಲ್ಲ ಮಾಡಿದಳು. ಎತ್ತಿ ಕೂರಿಸಿದಳು, ತೊಳೆದಳು, ಗಂಜಿ ಕುಡಿಸಿದಳು, ಮಗ್ಗಲು ಹೊರಳಿಸಿದಳು. ಕಾಲನಿಯವರೆಲ್ಲ ಎಂಥ ಹೆಂಗಸು ಎಂದು ಹೊಗಳಿದರು. ಹೀಗೇ ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅಪ್ಪನಿಗೆ ಉಣಿಸಿ, ತಲೆ ಬಾಚಿ, ಪಕ್ಕದಲ್ಲಿ ನೀರಿಟ್ಟು, ಶಮೀಮ್‌ಗೆ, "ಸ್ವಲ್ಪ ನೋಡ್ಕ ಮಾರಾಯ್ತಿ, ಪೇಟೆಗೆ ಹೋಗಿ ಬತ್ತೆ," ಎಂದು ಹೇಳಿ ಹೊರಟಳು. ತಿರುಗಿ ಬರಲಿಲ್ಲ.

ಶಮೀಮ್ ಫೋನು ಮಾಡಿದಾಗ ನಾನು ಅಂಗಡಿಯಲ್ಲಿದ್ದೆ. ಉಟ್ಟ ಬಟ್ಟೆಯಲ್ಲೇ ಬಂದೆ. ಎರಡು ದಿನ ಇದ್ದು ಹೋಗೋಣ ಎಂದು ಬಂದವಳು ಇನ್ನೂ ಇಲ್ಲೇ ಇದ್ದೇನೆ. ಮಂಜನಿಗೆ ಫೋನು ಮಾಡಿದರೆ, "ನಂಗೆ ಅಪ್ಪ ಅಂತ ಯಾರೂ ಇಲ್ಲ," ಎಂದು ಇಟ್ಟುಬಿಟ್ಟ. ಅಂಗಡಿಯವರು ಸ್ವಲ್ಪ ದಿನ ಕಾದು ಬೇರೆ ಹುಡುಗಿಯನ್ನು ಇಟ್ಟುಕೊಂಡರು. ರೂಮಿನ ಹುಡುಗಿಯರು ನನ್ನ ಬ್ಯಾಗು ಬಸ್ಸಿನಲ್ಲಿ ಕಳಿಸಿದರು. ಅದೇ ಕೋಣೆ, ಅದೇ ಸಿಮೆಂಟ್ ಶೀಟು. ಈಗ ಇಲ್ಲೇ ರವಿಕೆ ಹೊಲಿಯುತ್ತೇನೆ. ಸಂಜೆಯಾದರೆ ಮಷಿನ್ನು ತನ್ನಷ್ಟಕ್ಕೆ ನಿಲ್ಲುತ್ತದೆ. ತಿರುವಿನಲ್ಲಿ ಯಾರೋ ಚಪ್ಪಲಿ ಎಳೆದುಕೊಂಡು ಬರುತ್ತಾರೆ, ನನ್ನ ಬೆನ್ನು ಗೋಡೆ ಹುಡುಕುತ್ತದೆ. ಅಪ್ಪ ಕಣ್ಣೆದುರಿಗೇ ಮಲಗಿದ್ದಾನೆ, ಎದ್ದು ಕೂರುವುದಕ್ಕೂ ನಾನೇ ಬೇಕು. ಆದರೂ ತಿರುವಿನಿಂದ ಬರುವವನು ಅಪ್ಪನೇ ಎಂದು ಮೈ ಹೇಳುತ್ತದೆ. ಮೈಗೆ ಯಾರು ತಿಳಿಸಿ ಹೇಳಬೇಕು ಖಾಲಾ?

ಒಂದು ದಿನ ಅವನ ತಲೆದಿಂಬು ಸರಿಮಾಡಲು ಬಗ್ಗಿದ್ದೆ. ಅವನು ನೀರು ಬೇಕೆಂದು ಎಡಗೈ ಎತ್ತಿದ. ನಾನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿಬಿಟ್ಟೆ. ಎಷ್ಟು ಹೊತ್ತು ಹಾಗಿದ್ದೆನೋ. ಕೈ ಸರಿಸಿ ನೋಡಿದರೆ ಅವನ ಎಡಗೈ ಇನ್ನೂ ಗಾಳಿಯಲ್ಲೇ ಇತ್ತು. ಅವನು ಅದನ್ನೇ ನೋಡುತ್ತಿದ್ದ, ಯಾರದ್ದೋ ಕೈ ನೋಡುವ ಹಾಗೆ. ಆಮೇಲೆ ಮೆಲ್ಲಗೆ ಇಳಿಸಿ ಹೊದಿಕೆಯ ಒಳಗೆ ಇಟ್ಟುಕೊಂಡ. ಅವನಿಗೆ ಏನು ಅರ್ಥವಾಯಿತೋ ನನಗೆ ಗೊತ್ತಿಲ್ಲ. ನಾನು ನೀರು ಕುಡಿಸಿದೆ.

ಮುಂಡಗೋಡಿನಿಂದ ಚಿಕ್ಕಪ್ಪ ಬಂದ. ಅಪ್ಪ ಆ ಕಡೆಯವನೇ ಅಲ್ಲವೇ, ನಿಮಗೆ ಆ ಕಡೆಯ ಮಾತಿನ ಧಾಟಿ ಕೇಳಿದರೆ ನಗು ಬರುತ್ತಿತ್ತು. ಮಂಚಿಕೇರಿಗೆ ಹೋಗಿ ಮಾವನ ಮನೆ ಹುಡುಕಿಯೇ ಬಂದಿದ್ದ. "ಎಲ್ಲಿ ಅದಾಳ ನಿಮ್ಮವ್ವ, ಹೇಳವಾ. ಜೀಪ್ ತಗೊಂಡ ಬರ್ತೀನಿ. ಗಂಡ ಹಾಸಿಗಿ ಹಿಡದಾಗ ಬಿಟ್ಟ ಹೋಗೂದು ಅಂದ್ರ ಏನು? ಊರಾಗ ಮುಖ ತೋರಸೂದ ಬ್ಯಾಡೇನು?" ಎಂದ. ಅವನ ಮನೆಯಲ್ಲಿ ಕೋಣೆ ಇದೆ, ಸೊಸೆಯಂದಿರಿದ್ದಾರೆ. ನಿನ್ನ ಅಣ್ಣನನ್ನು ಒಂದು ತಿಂಗಳಾದರೂ ಕರೆದುಕೊಂಡು ಹೋಗು ಎಂದೆ. "ಅದೆಂಗ ಆಕ್ಕತಿ?" ಎಂದ. ಅವ್ವ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ ಎಂದೆ. ಗೊತ್ತಿತ್ತು ಖಾಲಾ. ಹಿಂದಿನ ದಿನವಷ್ಟೇ ಅವ್ವ ಯಾರದ್ದೋ ಫೋನಿನಿಂದ ಮಾತಾಡಿದ್ದಳು. ಸಿದ್ದಾಪುರದಲ್ಲಿದ್ದಳು. ಅಡಿಕೆ ಸುಲಿಯಲು ಹೋಗುತ್ತಿದ್ದಾಗ ಪರಿಚಯವಾಗಿದ್ದ ಲಲಿತಕ್ಕ ಎನ್ನುವವರು ಅಲ್ಲಿ ಸಣ್ಣ ಹೋಟೆಲು ಇಟ್ಟಿದ್ದಾರೆ, ಅಲ್ಲಿ ಅಡುಗೆಗೆ ನಿಂತಿದ್ದಳು. "ಯಾರಿಗೂ ಹೇಳ್ಬೇಡ," ಎಂದಷ್ಟೇ ಹೇಳಿ ಇಟ್ಟಿದ್ದಳು.

ಮೊನ್ನೆ ಶಮೀಮ್‌ಗೆ ಅಪ್ಪನನ್ನು ನೋಡಿಕೊಳ್ಳಲು ಹೇಳಿ ಸಿದ್ದಾಪುರಕ್ಕೆ ಹೋದೆ. ಅವ್ವನನ್ನು ಕರೆದುಕೊಂಡು ಬರಬೇಕೆಂದೇ ಹೋದದ್ದು. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ನನ್ನ ಹಳೆಯ ಅಂಗಡಿಯ ದಾರಿ ಕಂಡಿತು. ಅವ್ವ ಬಂದರೆ ನಾನು ಮತ್ತೆ ಇಲ್ಲಿಗೆ ಬರಬಹುದು ಎಂದು ಲೆಕ್ಕ ಹಾಕಿದೆ. ಸಿದ್ದಾಪುರ ಮುಟ್ಟುವವರೆಗೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ನೀನು ಮಾಡಿದ್ದು ಸರಿಯಲ್ಲ ಅವ್ವ, ನನ್ನ ಜೀವನ ಏನಾಗಬೇಕು ಅವ್ವ.

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದಿತ್ತು. ಲಲಿತಕ್ಕ ಬೆಂಚು ಒರೆಸುತ್ತಿದ್ದರು. "ಮಗಳಾ? ಬನ್ನಿ, ಬನ್ನಿ. ಅವ್ರು ಹಿಂದಿನ ಕೋಣೆಲಿ ಮಲಗಿದಾರೆ. ಊಟದ ಕೆಲಸ ಆತು ಅಂದ್ರೆ ಸಾಕು, ಎಂಥಾ ನಿದ್ದೆ ಅಂತೀರಿ! ಎಬ್ಬಿಸೂಕೆ ಕೂಗೇ ಕರೀಬೇಕು. ಎಬ್ಬಿಸ್ಲಾ?"

"ಬೇಡ, ಬೇಡ," ಎಂದೆ.

ಕೋಣೆಯ ಬಾಗಿಲು ಪೂರ್ತಿ ತೆರೆದಿತ್ತು. ಅವ್ವ ಚಾಪೆಯ ಮೇಲೆ ಅಂಗಾತ ಮಲಗಿದ್ದಳು, ಕೈಕಾಲು ಚೆಲ್ಲಿ, ಬಾಯಿ ತೆರೆದುಕೊಂಡು. ಸೆರಗು ಎಲ್ಲೋ ಇತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಖಾಲಾ, ಅವ್ವ ನಿದ್ದೆ ಮಾಡುವುದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ. ನಾವು ಮಲಗುವಾಗ ಅವಳು ಕೂತಿರುತ್ತಿದ್ದಳು, ಏಳುವಾಗ ಒಲೆಯ ಮುಂದೆ ಇರುತ್ತಿದ್ದಳು. ನಡುವೆ ಮಗ್ಗಲಾದರೂ ಮೊಣಕಾಲು ಎದೆಗೆ ಒತ್ತಿಕೊಂಡು, ಕರೆಯುವ ಮೊದಲೇ ಎದ್ದು ಕೂರುತ್ತಿದ್ದಳು. ಅಪ್ಪನ ಹಾಸಿಗೆಯ ಪಕ್ಕ ನಾನು ಈಗ ಮಲಗುವುದೂ ಹಾಗೆಯೇ. ಹೊಸ್ತಿಲ ಮೇಲೆ ಕೂತು ನೋಡುತ್ತಲೇ ಇದ್ದೆ. ತಿರುಗಿ ಹೋಗಬೇಕೆಂದಿದ್ದ ಬಸ್ಸು ಹೊರಟುಹೋಯಿತು. ಎಬ್ಬಿಸಲು ಮನಸ್ಸಾಗಲಿಲ್ಲ.

ತಾನೇ ಎದ್ದಳು. "ಯಾವಾಗ ಬಂದ್ಯೆ? ಉಂಡ್ಯಾ?" ಎಂದಳು. ಬಾಯಿಪಾಠ ಮಾಡಿದ್ದರಲ್ಲಿ ಒಂದೇ ಮಾತು ಉಳಿದಿತ್ತು, ಅದನ್ನು ಕೇಳಿದೆ.

"ಅಷ್ಟು ವರ್ಷ ಹೊಡೆತ ತಿಂದ್ಕಂಡು ಇದ್ದೆ. ಈಗ ಅವಂಗೆ ಏಳೂಕೂ ಆಗೂದಿಲ್ಲ. ಈಗ ಎಂತಕ್ಕೆ ಬಿಟ್ಟು ಬಂದೆ ಅವ್ವ?"

"ಆಗ ಹೋದ್ರೆ ಹುಡುಕ್ಕಂಡು ಬರ್ತಿದ್ರು," ಎಂದಳು. "ಈಗ ಬರೂಕೆ ಆಗೂದಿಲ್ಲ."

ಕೂದಲು ಕಟ್ಟಿಕೊಂಡಳು. ಆಮೇಲೆ ದನಿ ಇಳಿಸಿ ಹೇಳಿದಳು: "ಒಂದಿನ ದಿಂಬು ಸರಿ ಮಾಡೂಕೆ ಹೋದೋಳು ದಿಂಬನ್ನ ಅವ್ರ ಮುಖದ ಹತ್ರ ಹಿಡ್ಕಂಡೇ ನಿಂತಿದ್ದೆ ರೇಣು. ಅವ್ರು ನನ್ನೇ ನೋಡ್ತಾ ಇದ್ರು. ಇನ್ನು ಇಲ್ಲಿರೂದು ಬೇಡ ಅಂತ ಆತು. ಮರುದಿನಾನೇ ಹೊರಟೆ."

ನಾನು ಅವಳ ಕೈ ಹಿಡಿದುಕೊಂಡೆ. ಬಾ ಎಂದು ಹೇಗೆ ಹೇಳಲಿ? ನೀವಾದರೆ ಹೇಳುತ್ತಿದ್ದಿರಾ?

"ನೀನೂ ಬಾ," ಎಂದಳು ಅವಳೇ. "ಇನ್ನೊಂದು ಚಾಪೆಗೆ ಜಾಗ ಅದೆ."

"ಅಪ್ಪ?"

ಅವ್ವ ಸೆರಗು ಸರಿಮಾಡಿಕೊಂಡಳು. ಎದ್ದು ಚಾಪೆ ಸುತ್ತಿದಳು. ನನಗೆ ಅನ್ನ, ಸಾರು ಬಡಿಸಿದಳು. ಮುಂದಿನ ಬಸ್ಸಿನವರೆಗೆ ಬಂದು ಕೈ ಬೀಸಿದಳು. ಶಿರಸಿಯಲ್ಲಿ ಬಸ್ಸು ಬದಲಿಸುವಾಗ ನಾನು ಅಂಗಡಿಯ ದಾರಿಯ ಕಡೆ ನೋಡಲಿಲ್ಲ.

ದಿನಾ ಸಂಜೆ ಗಂಜಿ ಕುಡಿಸುವಾಗ ಅಪ್ಪ ಕೇಳುತ್ತಾನೆ, "ಎಲ್ಲದಾಳ ನಿಮ್ಮವ್ವ?" ದಿನಾ ನಾನು, ಗೊತ್ತಿಲ್ಲ ಎನ್ನುತ್ತೇನೆ. ಚಿಕ್ಕವಳಿದ್ದಾಗಲೂ ಅಪ್ಪನ ಎಲ್ಲ ಪ್ರಶ್ನೆಗೂ ನಮ್ಮ ಉತ್ತರ ಅದೇ ಅಲ್ಲವೇ? ಯಾರು ಮಾಡಿದ್ದು, ಗೊತ್ತಿಲ್ಲ. ಎಲ್ಲಿ ಹೋಗಿದ್ದಳು, ಗೊತ್ತಿಲ್ಲ. ಇವತ್ತು ಸಂಜೆಯೂ ಕೇಳಿದ. ಚಮಚ ಕೆಳಗಿಟ್ಟೆ. ಅವನ ಮುಖ ನೋಡಿದೆ.

"ಗೊತ್ತದೆ," ಎಂದೆ. "ಹೇಳೂದಿಲ್ಲ."

ಕುತ್ತಿಗೆ ತಾನಾಗಿ ಭುಜದೊಳಗೆ ಹೋಯಿತು. ಅಪ್ಪ ನನ್ನನ್ನು ನೋಡಿದ. ಆಮೇಲೆ ಕಣ್ಣು ಮೇಲಿನ ಶೀಟಿನ ಕಡೆ ತಿರುಗಿಸಿ ಬಾಯಿ ಸ್ವಲ್ಪ ತೆರೆದ. ಮಾತಿಗೋ ಗಂಜಿಗೋ ತಿಳಿಯಲಿಲ್ಲ. ಅಷ್ಟರಲ್ಲಿ ಗಂಜಿ ಆರಿತ್ತು. ಎದ್ದು ಹೋಗಿ ಬಿಸಿ ಮಾಡಿಕೊಂಡು ಬಂದು ಕುಡಿಸಿದೆ. ಪೂರ್ತಿ ಕುಡಿದ.

ನಾಳೆಯೂ ಕೇಳುತ್ತಾನೆ ಖಾಲಾ. ನಾಳೆಯೂ ನಾನು ಇಲ್ಲೇ ಇರುತ್ತೇನೆ, ನಾಳಿದ್ದೂ. ಆದರೆ ಅವ್ವ ಎಲ್ಲಿದ್ದಾಳೆಂದು ನನ್ನ ಬಾಯಿಂದ ಯಾರಿಗೂ ಸಿಗುವುದಿಲ್ಲ.

ನಿಮ್ಮ ರೇಣು